ಕಾರು ತೊಳೆದ ಮೇಲೆ ಬ್ಲೋವರ್ ಹಿಡಿದು ಒಣಗಿಸಬಹುದಾ?

ತುಮಕೂರಿನ ಓದುಗರೊಬ್ಬರ ಪ್ರಶ್ನೆ: "ನನ್ನದು ಕಪ್ಪು ಬಣ್ಣದ ಕಾರು. ಮನೆಗೆ ಬರುವುದು ಬೋರ್‌ವೆಲ್ ನೀರು. ಭಾನುವಾರ ಭಾನುವಾರ ನಾನೇ ತೊಳೆದು ಹಳೇ ಟರ್ಕಿ ಟವೆಲ್‌ನಲ್ಲಿ ಒರೆಸುತ್ತೇನೆ. ಈಗ ಬಾನೆಟ್ ಮೇಲೆ ಬಿಳಿ ಚುಕ್ಕೆಗಳು ಕೂತುಬಿಟ್ಟಿವೆ. ಬಿಸಿಲಿಗೆ ನಿಲ್ಲಿಸಿದರೆ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೀರು ಕಾಣುತ್ತವೆ. ಅಂಗಡಿಯ ಕಂಪ್ಯೂಟರ್ ಧೂಳು ತೆಗೆಯಲು ತಂದಿದ್ದ 600 ವ್ಯಾಟ್ ಕೈ ಬ್ಲೋವರ್ ಒಂದಿದೆ. ಅದರಲ್ಲೇ ಕಾರು ಒಣಗಿಸಬಹುದಾ? ಗಾಳಿ ಹೊಡೆದರೆ ಪೇಂಟ್ ಹಾಳಾಗುತ್ತೆ ಅಂತ ಒಬ್ಬರು, ಬಿಸಿ ಗಾಳಿಗೆ ವ್ಯಾಕ್ಸ್ ಕರಗುತ್ತೆ ಅಂತ ಇನ್ನೊಬ್ಬರು ಹೇಳುತ್ತಾರೆ. ಬಾಗಿಲೊಳಗೆ ನೀರು ನುಗ್ಗಿ ಪವರ್ ವಿಂಡೋ ಕೆಡುತ್ತೆ ಅಂತ ನನ್ನ ಬಾವಮೈದ ಹೆದರಿಸಿದ್ದಾನೆ. ವಾಷಿಂಗ್ ಸೆಂಟರ್‌ನಲ್ಲಿ ಕಂಪ್ರೆಸರ್ ಗಾಳಿ ಹೊಡೀತಾರಲ್ಲ, ಅದು ಸರಿನಾ? ಈಗ ಇರುವ ಚುಕ್ಕೆಗಳಿಗೆ ಏನು ಮಾಡಲಿ?"

ಬಳಸಬಹುದು. ನಿಮ್ಮ ಹತ್ತಿರ ಇರುವ ಬ್ಲೋವರೇ ಸಾಕು, ಹೊಸದು ತರಬೇಡಿ. ಆದರೆ ನಿಮ್ಮ ಕಾರಿಗಿರುವುದು ಎರಡು ಬೇರೆ ಬೇರೆ ಕಾಯಿಲೆ. ಬಿಳಿ ಚುಕ್ಕೆ ನೀರಿನಿಂದ ಬಂದದ್ದು. ಸುತ್ತು ಗೀರು ಉಜ್ಜುವುದರಿಂದ ಬಂದದ್ದು. ಬ್ಲೋವರ್ ಮೊದಲನೆಯದಕ್ಕೆ ಚೆನ್ನಾಗಿ ಸಹಾಯ ಮಾಡುತ್ತದೆ, ಅದೂ ಸರಿಯಾಗಿ ಹಿಡಿದರೆ ಮಾತ್ರ. ಎರಡನೆಯದಕ್ಕೆ ಅರ್ಧ ಮಾತ್ರ ಸಹಾಯ. ಹಾಗಾಗಿ ಎರಡನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ನೀರು. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಕರಗಿರುತ್ತವೆ. ಸೋಲಾರ್ ಹೀಟರಿನ ಪೈಪು ಕಟ್ಟಿಕೊಳ್ಳುವುದು, ಬಚ್ಚಲ ನಲ್ಲಿಯ ಮೇಲೆ ಬಿಳಿ ಪುಡಿ ಕೂರುವುದು ಎಲ್ಲಾ ಅದರಿಂದಲೇ. ಟಿಡಿಎಸ್ ಮೀಟರ್ ಅಂತ ಪೆನ್ನಿನಷ್ಟು ಉದ್ದದ ಒಂದು ಸಾಧನ ಸಿಗುತ್ತದೆ, ವಾಟರ್ ಫಿಲ್ಟರ್ ರಿಪೇರಿಯವರು ತಂದು ತೋರಿಸುತ್ತಾರಲ್ಲ, ಅದೇ. ಅದರಲ್ಲಿ 500 ಅಂತ ಬಂದರೆ ಒಂದು ಲೀಟರ್ ನೀರಿನಲ್ಲಿ ಸುಮಾರು ಅರ್ಧ ಗ್ರಾಂ ಲವಣ ಇದೆ ಅಂತ ಅರ್ಥ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಹಾಕಿರುವ ಗೆರೆಯೂ 500, ಬೇರೆ ನೀರೇ ಸಿಗದಿದ್ದರೆ 2000ದವರೆಗೆ ಸಹಿಸಬಹುದು ಅನ್ನುತ್ತದೆ. ಅಂದರೆ ಕುಡಿಯಲು ಪರವಾಗಿಲ್ಲ ಅನ್ನಿಸಿಕೊಂಡ ನೀರು ಕೂಡ ಕಪ್ಪು ಬಾನೆಟ್ ಮೇಲೆ ಒಣಗಿದರೆ ಕಲೆ ಮಾಡುತ್ತದೆ.

ನೀರು ಆವಿಯಾಗುತ್ತದೆ, ಲವಣ ಆವಿಯಾಗುವುದಿಲ್ಲ. ಒಂದು ಹನಿ ಒಣಗುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಹನಿ ಸಣ್ಣದಾಗುತ್ತಾ ಬಂದ ಹಾಗೆ ಅದರ ಅಂಚಿನಲ್ಲಿ ಬಿಳಿ ಗೆರೆ ಕಟ್ಟುತ್ತದೆ, ಕೊನೆಗೆ ಉಂಗುರ ಒಂದೇ ಉಳಿಯುತ್ತದೆ. ಹೊಸದರಲ್ಲಿ ಅದು ಪೇಂಟಿನ ಮೇಲೆ ಸುಮ್ನೆ ಕೂತಿರುತ್ತದೆ. ಅದರ ಮೇಲೇ ಮತ್ತೆ ಮತ್ತೆ ಬಿಸಿಲು ಬಿದ್ದರೆ, ಬಾನೆಟ್ ಕಾದರೆ, ನಿಧಾನಕ್ಕೆ ಮೇಲಿನ ಪದರವನ್ನೇ ಕೊರೆದು ಗುಳಿ ಮಾಡುತ್ತದೆ. ಆಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಬ್ಲೋವರ್ ಹಿಡಿಯುವವರು ತಿಳಿದುಕೊಳ್ಳಬೇಕಾದ ಮುಖ್ಯ ವಿಷಯ ಇದೇ ಅಂತ ನನಗನ್ನಿಸುತ್ತದೆ. ಬ್ಲೋವರ್‌ನಿಂದ ಹನಿಯನ್ನು ಒಣಗಿಸಬಾರದು, ಹನಿ ಹನಿಯಾಗಿಯೇ ಕಾರಿನಿಂದ ಕೆಳಗೆ ತಳ್ಳಬೇಕು. ತಳ್ಳಿದರೆ ಲವಣವೂ ನೀರಿನ ಜೊತೆ ನೆಲಕ್ಕೆ ಹೋಗುತ್ತದೆ. ದೂರದಿಂದ ಮೆಲ್ಲಗೆ ಗಾಳಿ ಬೀಸಿ ಹನಿಗಳನ್ನು ಇದ್ದಲ್ಲೇ ಆರಿಸಿದರೆ ಬಿಸಿಲು ಮಾಡುವ ಕೆಲಸವನ್ನೇ ನಾವು ಕರೆಂಟು ಖರ್ಚು ಮಾಡಿ ಮಾಡಿದ ಹಾಗಾಯಿತು. ತಲೆ ಒಣಗಿಸುವ ಹೇರ್ ಡ್ರೈಯರ್ ಕಾರಿಗೆ ಬೇಡ ಅನ್ನುವುದೂ ಇದೇ ಕಾರಣಕ್ಕೆ. ಅದರ ಬಿಸಿಗಿಂತ ದೊಡ್ಡ ಸಮಸ್ಯೆ ಅದಕ್ಕೆ ತಳ್ಳುವ ಶಕ್ತಿ ಇಲ್ಲದಿರುವುದು.

ಈಗ ನಿಮಗೆ ಹೇಳಿರುವ ಭಯಗಳಿಗೆ ಬರೋಣ.

ಗಾಳಿಯಿಂದ ಪೇಂಟ್ ಹಾಳಾಗುತ್ತಾ? ಬರೀ ಗಾಳಿಯಿಂದ ಆಗುವುದಿಲ್ಲ. ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅಷ್ಟೇ ವೇಗದ ಗಾಳಿ ಗಂಟೆಗಟ್ಟಲೆ ಬಾನೆಟ್‌ಗೆ ಬಡಿಯುತ್ತಿರುತ್ತದೆ ಅಲ್ವಾ? ಗೀರು ಮಾಡುವುದು ಗಾಳಿಯ ಜೊತೆ ಬರುವ ಧೂಳು. ಅದು ಬರುವುದು ಎರಡು ಕಡೆಯಿಂದ. ಒಂದು, ಬ್ಲೋವರಿನ ಒಳಗಿನಿಂದ. ನಿಮ್ಮದು ಅಂಗಡಿಯಲ್ಲಿ ಧೂಳು ಹೊಡೆದ ಬ್ಲೋವರ್, ಇಂಥವನ್ನು ಬಾಯಿ ಬದಲಿಸಿ ಚೀಲ ಹಾಕಿದರೆ ಧೂಳು ಎಳೆಯುವುದಕ್ಕೂ ಬಳಸುತ್ತಾರೆ. ನೀವೂ ಹಾಗೆ ಬಳಸಿದ್ದರೆ ಒಳಗಿನ ಫ್ಯಾನಿನ ರೆಕ್ಕೆಗಳಿಗೆ ಖಂಡಿತ ಧೂಳು ಮೆತ್ತಿಕೊಂಡಿದೆ. ಚೀಲ ತೆಗೆದುಹಾಕಿ. ಪ್ರತಿ ಸಲ ಕಾರಿನ ಕಡೆ ತಿರುಗಿಸುವ ಮೊದಲು ಬೇರೆ ಕಡೆ ಮುಖ ಮಾಡಿ ಅರ್ಧ ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ. ಬಾಯಿಗೆ ಬಿಳಿ ಬಟ್ಟೆ ಹಿಡಿದು ನೋಡಿ, ಬಟ್ಟೆಯ ಮೇಲೆ ಕಂದು ಗುರುತು ಬೀಳುತ್ತಿದ್ದರೆ ಇನ್ನೂ ಕ್ಲೀನ್ ಆಗಿಲ್ಲ ಅಂತ. ಎರಡನೆಯದು ನೆಲದ ಧೂಳು. ಕಾರಿನ ಕೆಳಭಾಗ ಒಣಗಿಸುವಾಗ ಬ್ಲೋವರ್ ಬಾಯಿ ನೆಲದ ಕಡೆ ತಿರುಗುತ್ತದೆ, ಪಾರ್ಕಿಂಗ್‌ನ ಮಣ್ಣೆಲ್ಲ ಎದ್ದು ಒದ್ದೆ ಕಾರಿನ ಮೇಲೆ ಕೂರುತ್ತದೆ, ಆಮೇಲೆ ನೀವು ಅದರ ಮೇಲೆ ಟವೆಲ್ ಎಳೆಯುತ್ತೀರಿ. ಗೀರು ಬೀಳುವುದು ಆಗ. ಅದಕ್ಕೇ ಕಾರು ತೊಳೆಯುವ ಮೊದಲೇ ನೆಲ ಗುಡಿಸಿ, ನೆಲ ಒದ್ದೆ ಇರುವಾಗಲೇ ಗಾಳಿ ಹೊಡೆಯಿರಿ. ಕೆಳಭಾಗಕ್ಕೆ ಹೊಡೆಯುವಾಗ ಬಾಯಿಯನ್ನು ಕಾರಿನ ಉದ್ದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುಗಿಸಿಕೊಳ್ಳಿ.

ಇನ್ನೊಂದು ಅಪಾಯ ಬ್ಲೋವರಿನ ಬಾಯಿಯೇ. ಗಟ್ಟಿ ಪ್ಲಾಸ್ಟಿಕ್. ಕೈ ಸೋತು ಒಂದು ಸಲ ಬಾಗಿಲಿಗೆ ತಾಗಿದರೂ ಗುರುತು ಬೀಳುತ್ತದೆ. ತುದಿಗೆ ಹಳೇ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸುತ್ತಿ ಅಂಟಿಸಿಬಿಡಿ. ವೈರನ್ನು ಭುಜದ ಮೇಲೆ ಹಾಕಿಕೊಳ್ಳಿ, ಅದು ಬಾನೆಟ್ ಮೇಲೆ ಎಳೆದಾಡುವುದು ಬೇಡ.

ವ್ಯಾಕ್ಸ್ ಕರಗುತ್ತಾ? ಕಾರಿಗೆ ಬಳಸುವ ಕಾರ್ನೌಬಾ ವ್ಯಾಕ್ಸ್ ಕರಗಲು 80 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಕೈ ಬ್ಲೋವರಿನ ಗಾಳಿ ಮೋಟಾರಿನ ಬಿಸಿಗೆ ಸ್ವಲ್ಪ ಬೆಚ್ಚಗಾಗಿರುತ್ತದೆ ಅಷ್ಟೇ. ಏಪ್ರಿಲ್ ಬಿಸಿಲಿನಲ್ಲಿ ನಿಂತ ನಿಮ್ಮ ಕಪ್ಪು ಬಾನೆಟ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಈ ಭಯ ಬಿಡಿ. ಆದರೆ ಹೀಟ್ ಗನ್ ಅಂತ ಬೇರೆ ಬರುತ್ತದೆ, ನೋಡಲು ಬ್ಲೋವರಿನ ಹಾಗೇ ಇರುತ್ತದೆ, ಸ್ಟಿಕ್ಕರ್ ಕೀಳಲು, ಶ್ರಿಂಕ್ ಟ್ಯೂಬ್ ಕೂರಿಸಲು ಬಳಸುತ್ತಾರೆ. ಅದರ ಗಾಳಿ 300 ಡಿಗ್ರಿ ದಾಟುತ್ತದೆ. ಪೇಂಟ್, ಬಂಪರ್, ರಬ್ಬರ್ ಯಾವುದೂ ಉಳಿಯುವುದಿಲ್ಲ. ಅಂಗಡಿಯಲ್ಲಿ ಎರಡೂ ಇದ್ದರೆ ಕೈಗೆತ್ತಿಕೊಳ್ಳುವ ಮೊದಲು ಒಮ್ಮೆ ನೋಡಿಕೊಳ್ಳಿ.

ಬಾಗಿಲೊಳಗೆ ನೀರು? ನಿಮ್ಮ ಬಾವಮೈದ ಹೇಳಿದ್ದು ಪೂರ್ತಿ ಸುಳ್ಳಲ್ಲ, ನೀರು ಒಳಗೆ ಹೋಗುತ್ತದೆ. ಆದರೆ ಅದು ಪ್ರತಿ ಮಳೆಗೂ ಹೋಗುತ್ತದೆ. ಗಾಜು ಇಳಿಯುವ ಸಂದಿನಿಂದ ಬಂದ ನೀರು ಬಾಗಿಲಿನ ಒಳಗೆ ಇಳಿದು ತಳದ ಸಣ್ಣ ತೂತುಗಳಿಂದ ಹೊರಗೆ ಹೋಗಲಿ ಅಂತಲೇ ಬಾಗಿಲು ಮಾಡಿರುತ್ತಾರೆ. ಬಾಗಿಲು ತೆಗೆದು ಕೆಳ ಅಂಚಿನಲ್ಲಿ ಬೆರಳಾಡಿಸಿದರೆ ಆ ತೂತುಗಳು ಸಿಗುತ್ತವೆ. ಅವು ಮಣ್ಣು ಕಟ್ಟಿಕೊಂಡಿದ್ದರೆ ಮಾತ್ರ ತೊಂದರೆ. ನೀರು ಅಲ್ಲೇ ನಿಂತು ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಒಂದು ತೆಳು ಕಡ್ಡಿಯಿಂದ ಬಿಡಿಸಿಕೊಳ್ಳಿ, ಕೆಲಸ ಮುಗಿಯಿತು.

ಎಂಜಿನ್ ಭಾಗದಲ್ಲಿ ಮಾತ್ರ ಹುಷಾರಾಗಿರಬೇಕು. ಅಲ್ಲಿ ಕನೆಕ್ಟರುಗಳ ಮೇಲೆ ನಿಂತ ನೀರನ್ನು ದೂರದಿಂದ, ಹೊರಗಿನ ಕಡೆಗೆ ಓಡಿಸಬೇಕು. ಹತ್ತಿರದಿಂದ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಒಳಗೆ, ಫ್ಯೂಸ್ ಬಾಕ್ಸ್ ಒಳಗೆ ನೂಕಬಾರದು.

ಕಂಪ್ರೆಸರ್ ಬಗ್ಗೆ ಕೇಳಿದ್ದೀರಿ. ವಾಷಿಂಗ್ ಸೆಂಟರಿನ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ಒಂದು ಸಣ್ಣ ನಲ್ಲಿ ಇರುತ್ತದೆ. ಅದನ್ನು ತಿರುಗಿಸಿದರೆ ತುಕ್ಕು ಬಣ್ಣದ ನೀರು ಪಿಚಕಾರಿ ಹೊಡೆದ ಹಾಗೆ ಬರುತ್ತದೆ, ಎಷ್ಟೋ ಕಡೆ ಎಣ್ಣೆಯ ಪಸೆಯೂ ಜೊತೆಗಿರುತ್ತದೆ. ಗಾಳಿಯನ್ನು ಒತ್ತಿದಾಗ ಅದರಲ್ಲಿರುವ ತೇವ ನೀರಾಗಿ ಟ್ಯಾಂಕಿನಲ್ಲಿ ಇಳಿಯುತ್ತದೆ, ಪಿಸ್ಟನ್ನಿನ ಎಣ್ಣೆ ಸ್ವಲ್ಪ ಸ್ವಲ್ಪ ಸೇರಿಕೊಳ್ಳುತ್ತದೆ. ದಿನಾ ಆ ನಲ್ಲಿ ಬಿಡುವವರು, ಗಾಳಿಯ ಪೈಪಿಗೆ ಫಿಲ್ಟರ್ ಹಾಕಿಕೊಂಡವರು ಹೊಡೆದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಆ ಎಣ್ಣೆ ಹನಿ ನಿಮ್ಮ ಕಾರಿನ ಮೇಲೆ ಕೂರುತ್ತದೆ. ಸೆರಾಮಿಕ್ ಕೋಟಿಂಗ್ ಮಾಡಿಸುವ ಮೊದಲು, ಟಚಪ್ ಪೇಂಟ್ ಹೊಡೆಯುವ ಮೊದಲು ಇದು ತುಂಬಾ ಕಾಡುತ್ತದೆ, ಪೇಂಟ್ ಅಲ್ಲಲ್ಲಿ ಹಿಡಿಯದೆ ಮೀನಿನ ಕಣ್ಣಿನ ಹಾಗೆ ಸಣ್ಣ ಸಣ್ಣ ಗುಂಡು ಗುಳಿಗಳು ಮೂಡುತ್ತವೆ. ಮೇಲಾಗಿ ಏರ್ ಗನ್ನಿನ ತುದಿ ಲೋಹದ್ದು. ಅವಸರದಲ್ಲಿ ಮಿರರ್ ಸಂದಿಗೆ ತೂರಿಸುವಾಗ ಅಂಚಿನ ಪೇಂಟ್ ಚಕ್ಕೆ ಏಳಿಸಿಬಿಡುತ್ತಾರೆ. ಆ ಗನ್ನನ್ನು ಮೈ ಕೈಗೆ ತಿರುಗಿಸಿ ಆಟ ಆಡುವುದಂತೂ ಬೇಡವೇ ಬೇಡ, ಅಷ್ಟು ಒತ್ತಡದ ಗಾಳಿ ಚರ್ಮದೊಳಗೆ ನುಗ್ಗಿದರೆ ಜೀವಕ್ಕೇ ಅಪಾಯ. ಟೈರಿಗೆ ಗಾಳಿ ತುಂಬುವ 12 ವೋಲ್ಟ್ ಪಂಪಿನಿಂದ ಒಣಗಿಸಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಅದರಲ್ಲಿ ಒತ್ತಡ ಇದೆ, ಗಾಳಿಯೇ ಇಲ್ಲ. ಒಂದು ಬಾಗಿಲಿಗೂ ಸಾಲದು.

ಬ್ಲೋವರ್ ಕೊಳ್ಳುವವರೂ ಇದೇ ಲೆಕ್ಕ ನೋಡಬೇಕು. ವ್ಯಾಟ್ ನೋಡಿ ಮರುಳಾಗಬೇಡಿ, ಡಬ್ಬದ ಮೇಲೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಅಂತ ಬರೆದಿರುತ್ತದೆ, ಅದನ್ನು ನೋಡಿ. ನಿಮ್ಮಂಥ ಕೈ ಬ್ಲೋವರಿನಲ್ಲಿ ಸುಮಾರು 2ರಿಂದ 4 ಇರುತ್ತದೆ. ತೋಟದಲ್ಲಿ ಒಣಗಿದ ಎಲೆ ಗುಡಿಸುವ ದೊಡ್ಡ ಬ್ಲೋವರಿನಲ್ಲಿ 10 ದಾಟುತ್ತದೆ. ದೊಡ್ಡದು ಇಡೀ ರೂಫ್ ಮೇಲಿನ ನೀರನ್ನು ಒಂದೇ ಬೀಸಿಗೆ ಓಡಿಸುತ್ತದೆ. ಚಿಕ್ಕದಕ್ಕೆ ಆ ಕೆಲಸ ಆಗುವುದಿಲ್ಲ, ಅದಕ್ಕೆ ಸಂದಿಗೊಂದಿಯ ಕೆಲಸ ಕೊಡಬೇಕು. ಬ್ಯಾಟರಿ ಬ್ಲೋವರ್ ಬೇಕು ಅನ್ನುವವರು ಬ್ಯಾಟರಿಯ ಲೆಕ್ಕವನ್ನೂ ಹಾಕಿಕೊಳ್ಳಿ. 20 ವೋಲ್ಟಿನ 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 40 ವ್ಯಾಟ್ ಅವರ್. 250 ವ್ಯಾಟ್ ಎಳೆಯುವ ಮೋಟಾರಿಗೆ ಅದು ಹತ್ತು ನಿಮಿಷವೂ ಬರುವುದಿಲ್ಲ. ಎರಡು ಬ್ಯಾಟರಿ ಇದ್ದರೆ ಒಂದು ಕಾರು ಆರಾಮಾಗಿ ಮುಗಿಯುತ್ತದೆ.

ಈಗ ನನಗೆ ನಿಜವಾಗಿ ಆತಂಕ ಆಗುವ ವಿಷಯ. ಪೇಂಟ್ ಹೋದರೆ ಮತ್ತೆ ಹೊಡೆಸಬಹುದು. 230 ವೋಲ್ಟಿನ ಬ್ಲೋವರ್ ಹಿಡಿದು, ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು, ಎಕ್ಸ್‌ಟೆನ್ಷನ್ ಬಾಕ್ಸನ್ನು ಕಾಲ ಬುಡದಲ್ಲೇ ಇಟ್ಟುಕೊಂಡು ಕಾರು ಒಣಗಿಸುವವರನ್ನು ನಾನು ನೋಡುತ್ತಲೇ ಇರುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯ ಕರೆಂಟ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಲೈನ್ ಕತ್ತರಿಸುವ ಸ್ವಿಚ್) ಇದೆಯಾ ಅಂತ ಮೊದಲು ನೋಡಿ, ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗಬೇಕು. ಇಲ್ಲದಿದ್ದರೆ ಎಲೆಕ್ಟ್ರೀಷಿಯನ್ ಕರೆಸಿ ಹಾಕಿಸಿಕೊಳ್ಳುವವರೆಗೂ ವೈರಿನ ಬ್ಲೋವರ್ ಬೇಡ. ಎಕ್ಸ್‌ಟೆನ್ಷನ್ ಬಾಕ್ಸನ್ನು ಕಂಬಕ್ಕೋ ಗೋಡೆಯ ಮೊಳೆಗೋ ನೇತುಹಾಕಿ. ರಬ್ಬರ್ ಚಪ್ಪಲಿ ಇರಲಿ, ಕೈ ಒಣಗಿರಲಿ. ಮಿರರ್ ಸಂದಿಗೆ ಗಾಳಿ ಬಿಟ್ಟಾಗ ನೀರಿನ ತುಂತುರು ವಾಪಸ್ ಚಿಮ್ಮಿ ಬ್ಲೋವರಿನ ಮೈಗೆ, ಗಾಳಿ ಎಳೆಯುವ ಜಾಲರಿಗೆ ಹೋಗುತ್ತದೆ. ಅದಕ್ಕೇ ನೇರ ಎದುರು ಹಿಡಿಯದೆ ಪಕ್ಕದಿಂದ ಹಿಡಿಯಬೇಕು. ಮೋಟಾರಿನ ಕಾರ್ಬನ್ ಬ್ರಷ್‌ಗಳಲ್ಲಿ ಕಿಡಿ ಹಾರುವುದು ಸಹಜ, ಕತ್ತಲಲ್ಲಿ ನೋಡಿದರೆ ನೀಲಿಯಾಗಿ ಕಾಣುತ್ತದೆ. ಹಾಗಾಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆ ಅಂತ ಖಾತ್ರಿ ಮಾಡಿಕೊಂಡೇ ಆ ಕಡೆ ಹೋಗಿ. ಕಿವಿಗೆ ಹತ್ತಿ, ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು.

ಮಾಡುವ ವಿಧಾನ ಹೀಗೆ. ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ತೊಳೆಯಿರಿ. ಕೊನೆಯ ಸಲ ನೀರು ಹಾಕುವಾಗ ಪೈಪಿನ ತುದಿಯ ಗನ್ ತೆಗೆದುಬಿಡಿ, ರೂಫ್ ಮೇಲಿನಿಂದ ನೀರು ಜೋರಿಲ್ಲದೆ ಹರಿದು ಬರಲಿ. ಹಾಗೆ ಹರಿಯುವ ನೀರು ಪರದೆಯಾಗಿ ಜಾರುತ್ತಾ ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ. ಸಾಧ್ಯವಾದರೆ ಈ ಕೊನೆಯ ಒಂದು ಬಕೆಟ್ ಮಳೆ ನೀರಾಗಿರಲಿ. ಎಸಿಯಿಂದ ತೊಟ್ಟಿಕ್ಕುವ ನೀರಾದರೂ ಆದೀತು, ಶೋಧಿಸಿಕೊಂಡು ಬಳಸಿ. ಎರಡರಲ್ಲೂ ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನಮ್ಮಲ್ಲಿ ಸುಮಾರು ಜನ ನೀರು ವೇಸ್ಟ್ ಆಗಬಾರದು ಅಂತ ಆರ್‌ಒ ಫಿಲ್ಟರಿನಿಂದ ಹೊರಬರುವ ನೀರನ್ನು ಹಿಡಿದಿಟ್ಟು ಕಾರಿಗೆ ಹಾಕುತ್ತಾರೆ. ಉದ್ದೇಶ ತುಂಬಾ ಒಳ್ಳೆಯದು, ಆದರೆ ಫಿಲ್ಟರ್ ಬೇಡ ಅಂತ ತಳ್ಳಿದ ಲವಣವೆಲ್ಲ ಸೇರಿಕೊಂಡಿರುವುದು ಆ ನೀರಿನಲ್ಲೇ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಅಲ್ಲಿ ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರಲ್ಲಿ, ಅಂದರೆ ಕೊಳಚೆ ನೀರನ್ನು ಶುದ್ಧಮಾಡಿ ಬಿಡುವ ನೀರಲ್ಲಿ, ತೊಳೆಯುವವರಿಗೂ ನಾನು ಹೇಳುವುದು ಇದನ್ನೇ, ಅದರಲ್ಲೂ ಲವಣ ಜಾಸ್ತಿ, ಒಣಗಲು ಬಿಡಬೇಡಿ.

ನೀರು ಹಾಕಿದ ತಕ್ಷಣ ರೂಫ್, ಗಾಜು, ಬಾನೆಟ್, ಡಿಕ್ಕಿ ಇವನ್ನು ಟವೆಲ್‌ನಿಂದ ಮುಗಿಸಿ. ನಿಮ್ಮ ಟರ್ಕಿ ಟವೆಲ್‌ಗೆ ಮಾತ್ರ ಇವತ್ತೇ ವಿದಾಯ ಹೇಳಿ. ದಪ್ಪ ಮೈಕ್ರೋಫೈಬರ್ ಡ್ರೈಯಿಂಗ್ ಟವೆಲ್ ಒಂದು ತನ್ನಿ. ಅದನ್ನು ಅಗಲವಾಗಿ ಹಾಸಿ, ಮೇಲಿನಿಂದ ಕೈಯಲ್ಲಿ ಮೆಲ್ಲಗೆ ತಟ್ಟಿ, ಎತ್ತಿ. ಉಜ್ಜಬೇಡಿ. ಆಮೇಲೆ ಬ್ಲೋವರ್. ಪೇಂಟಿನಿಂದ ಒಂದು ಗೇಣಿಗಿಂತ ಸ್ವಲ್ಪ ಹತ್ತಿರ, ಓರೆಯಾಗಿ ಹಿಡಿದು, ಮೇಲಿನಿಂದ ಕೆಳಕ್ಕೆ. ಸೈಡ್ ಮಿರರ್‌ನಿಂದ ಶುರು ಮಾಡಿ. ಕನ್ನಡಿಗೂ ಅದರ ಕವರಿಗೂ ನಡುವಿನ ಸಂದಿಗೆ ಮೇಲಿನಿಂದ ಗಾಳಿ ಬಿಟ್ಟು ಕೆಳಗೆ ಟವೆಲ್ ಹಿಡಿಯಿರಿ, ಒಣಗಿದೆ ಅಂದುಕೊಂಡ ಮಿರರ್‌ನಿಂದ ಎಷ್ಟು ನೀರು ಸುರಿಯುತ್ತದೆ ನೋಡಿ. ಆ ನೀರೇ ನೀವು ಕಾರು ತೆಗೆದ ಮೇಲೆ ಬಾಗಿಲ ಮೇಲೆ ಇಳಿದು ಉದ್ದುದ್ದ ಬಿಳಿ ಗೆರೆ ಮಾಡುವುದು. ಹಾಗೇ ಹ್ಯಾಂಡಲ್‌ಗಳು, ಕಂಪನಿಯ ಲಾಂಛನ, ಗ್ರಿಲ್, ಲೈಟುಗಳ ಅಂಚು, ನಂಬರ್ ಪ್ಲೇಟಿನ ಹಿಂಭಾಗ, ವೀಲ್ ನಟ್‌ಗಳು. ಕೊನೆಗೆ ಬಾಗಿಲು, ಡಿಕ್ಕಿ ತೆಗೆದು ಬೀಡಿಂಗ್ ಒರೆಸಿ. ಇಂಥ ಬ್ಲೋವರ್‌ಗಳ ಮೋಟಾರು ಬೇಗ ಕಾಯುತ್ತದೆ, ಹತ್ತು ನಿಮಿಷಕ್ಕೊಮ್ಮೆ ಬಿಡುವು ಕೊಡಿ. ಎಲ್ಲ ಆದಮೇಲೆ ಒಂದು ಸುತ್ತು ಓಡಿಸಿ ನಾಲ್ಕಾರು ಸಲ ಬ್ರೇಕ್ ಒತ್ತಿ, ಡಿಸ್ಕ್ ಮೇಲಿನ ನೀರೂ ಕಿತ್ತಳೆ ತುಕ್ಕೂ ಹೋಗುತ್ತದೆ.

ಗಾಳಿ ಹೊಡೆಯಬಾರದ ಜಾಗಗಳೂ ಇವೆ. ಪೇಂಟ್ ಚಕ್ಕೆ ಎದ್ದಿದ್ದರೆ, ಪಿಪಿಎಫ್ (ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಫಿಲ್ಮ್) ಅಥವಾ ಸ್ಟಿಕ್ಕರಿನ ಅಂಚು ಬಿಟ್ಟಿದ್ದರೆ, ಹೊಸದಾಗಿ ಪೇಂಟ್ ಹೊಡೆಸಿದ ಬಾಗಿಲಾದರೆ ಅಲ್ಲಿ ಟವೆಲ್ ಒಂದೇ ಸಾಕು.

ಇನ್ನು ಸುತ್ತು ಗೀರು. ಪೇಂಟಿನ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ. ನಮ್ಮ ತಲೆಗೂದಲಿಗಿಂತ ತೆಳು. ಒಣ ಧೂಳಿನ ಮೇಲೆ ಬಟ್ಟೆ ಎಳೆದಾಗಲೆಲ್ಲ ಅದರ ಮೇಲೆ ಗೀರು ಬೀಳುತ್ತದೆ. ಬ್ಲೋವರ್‌ನಿಂದ ಒರೆಸುವುದು ಕಮ್ಮಿಯಾಗುತ್ತದೆ, ಅಷ್ಟು ಗೀರು ಉಳಿಯಿತು. ಆದರೆ ತೊಳೆಯುವಾಗ ಒಂದೇ ಬಕೆಟ್ಟಿನಲ್ಲಿ ಅದೇ ಸ್ಪಂಜು ಅದ್ದಿ ಅದ್ದಿ ಉಜ್ಜುತ್ತಿದ್ದರೆ ಯಾವ ಬ್ಲೋವರೂ ಕಾಪಾಡುವುದಿಲ್ಲ. ಮೊದಲು ಬರೀ ನೀರು ಹಾಕಿ ಮಣ್ಣು ಇಳಿಸಿ. ಶಾಂಪೂಗೆ ಒಂದು ಬಕೆಟ್, ಸ್ಪಂಜು ಜಾಲಿಸಿಕೊಳ್ಳಲು ಇನ್ನೊಂದು. ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಹಾಕಿ. ವ್ಯಾಕ್ಸ್ ಇದ್ದರೆ ನೀರು ಗುಂಡಗೆ ಹನಿಗಟ್ಟುತ್ತದೆ, ನಿಮ್ಮ 600 ವ್ಯಾಟಿನ ಗಾಳಿಗೂ ಓಡುತ್ತದೆ. ವ್ಯಾಕ್ಸ್ ಇಲ್ಲದ ಪೇಂಟಿನ ಮೇಲೆ ನೀರು ತೆಳ್ಳಗೆ ಹರಡಿ ಅಂಟಿಕೊಳ್ಳುತ್ತದೆ, ಅದನ್ನು ಚಿಕ್ಕ ಬ್ಲೋವರ್ ಅಲುಗಿಸುವುದಿಲ್ಲ.

ಈಗಿರುವ ಚುಕ್ಕೆಗಳು. ಕಾರು ತೊಳೆದು, ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ಬಿಳಿ ವಿನೆಗರ್‌ಗೆ ಅಷ್ಟೇ ಮಳೆ ನೀರೋ ಫಿಲ್ಟರ್ ನೀರೋ ಬೆರೆಸಿ. ಮೈಕ್ರೋಫೈಬರ್ ಬಟ್ಟೆ ಅದ್ದಿ, ಮರೆಯಲ್ಲಿರುವ ಒಂದು ಚುಕ್ಕೆಯ ಮೇಲೆ ಮೊದಲು ಒಂದು ನಿಮಿಷ ಹಾಸಿಡಿ, ಮೆಲ್ಲಗೆ ಒರೆಸಿ, ನೀರು ಹಾಕಿ ಪೂರ್ತಿ ತೊಳೆಯಿರಿ. ಹೋದರೆ ಉಳಿದವಕ್ಕೂ ಹಾಗೇ ಮಾಡಿ. ರಬ್ಬರ್, ಕ್ರೋಮ್ ಭಾಗಕ್ಕೆ ತಾಗಿಸಬೇಡಿ. ವಿನೆಗರ್ ತಾಗಿದ ಕಡೆ ವ್ಯಾಕ್ಸ್ ಹೋಗಿರುತ್ತದೆ, ಮತ್ತೆ ಹಾಕಿ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರೆ ಬೇಗ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಪೇಂಟನ್ನೂ ಲೋಹವನ್ನೂ ತಿನ್ನುತ್ತದೆ. ಎರಡು ಸಲ ಮಾಡಿದರೂ ಚುಕ್ಕೆ ಹಾಗೇ ಇದ್ದರೆ ಅದು ಕ್ಲಿಯರ್ ಕೋಟನ್ನು ಕೊರೆದಾಗಿದೆ. ಆಗ ಮೆಷಿನ್ ಪಾಲಿಶ್ ಒಂದೇ ದಾರಿ, ಸುತ್ತು ಗೀರುಗಳೂ ಅದರಲ್ಲೇ ಹೋಗುತ್ತವೆ. ಪ್ರತಿ ಪಾಲಿಶ್ ಆ ತೆಳು ಪದರವನ್ನು ಇನ್ನಷ್ಟು ಸವೆಸುತ್ತದೆ. ಅದಕ್ಕೇ ಕೆಲಸ ಶುರು ಮಾಡುವ ಮೊದಲು ಮೀಟರ್ ಇಟ್ಟು ಪೇಂಟಿನ ದಪ್ಪ ಅಳೆದು ತೋರಿಸುವವರ ಹತ್ತಿರವೇ ಕೊಡಿ, ಬಾನೆಟ್‌ನ ನಾಲ್ಕೈದು ಕಡೆಯ ಅಳತೆ ನೀವೇ ನಿಂತು ನೋಡಿ ಬರೆದಿಟ್ಟುಕೊಳ್ಳಿ.